ಮಗ ಮಸ್ಕತ್ತಿಗೆ ಹೋದ ಎಂದೆ

ಮಗ ಕರೆಂಟಿನ ಇಂಜಿನಿಯರಿಂಗ್ ಓದಿದ. ನಾನು ಓದಿದ್ದು ಮೂರನೆಯ ಕ್ಲಾಸು. ಶಿಡ್ಲಘಟ್ಟದಲ್ಲಿ ಇನ್ನೊಬ್ಬರ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ, ನೂಲು ತೆಗೆದು ಅವನನ್ನು ಓದಿಸಿದೆ. ತೊಂಬತ್ತರ ಆಚೀಚೆ ಅವನಿಗೆ ಮಸ್ಕತ್ತಿನಲ್ಲಿ ಕೆಲಸವಾಯಿತು. ಚಿಂತಾಮಣಿಯ ಗಂಡಿನವರು ನನ್ನ ಮಗಳನ್ನು ಒಪ್ಪಿದ್ದು ಮುಖ ನೋಡಿ ಅಲ್ಲ, ಅವಳ ಅಣ್ಣನ ಸಂಬಳ ಕೇಳಿ.

ಎರಡು ವರ್ಷಕ್ಕೆ ರಜದಲ್ಲಿ ಬಂದ. ಊಟಕ್ಕೆ ಕೂತಾಗ ಅಂಗೈ ನೋಡಿದೆ. ಒಡೆದು ಕಪ್ಪಾಗಿತ್ತು.

"ಏನೋ ಇದು, ಇಂಜಿನಿಯರ್ ಕೈಯೇನೋ?"

"ವೀಸಾದಲ್ಲಿ ಎಲೆಕ್ಟ್ರೀಷಿಯನ್ ಅಂತ ಬರ್ದವ್ರೆ ಕಣಮ್ಮ. ಬಿಸ್ಲಲ್ಲಿ ಗುಂಡಿಗಿಳಿದು ಕೇಬಲ್ ಎಳೀತೀನಿ. ಡಿಗ್ರಿ ಪೆಟ್ಟಿಗೇಲೈತೆ."

"ಸಂಬಳ?"

"ಇಲ್ಲಿನ ಇಂಜಿನಿಯರ್‌ಗಿಂತ ಮೂರು ಪಟ್ಟು."

"ಮತ್ತೆ ಅಳೋದ್ಯಾಕೆ?"

ಅವನು ಅಳುತ್ತಿರಲಿಲ್ಲ. ಆಮೇಲೆ ಅತ್ತ. ಜೊತೆಯವನೊಬ್ಬ ಶಾಕ್ ಹೊಡೆದು ಸತ್ತನಂತೆ. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಗೆ ಹೋಗಿ ಕೇಳಿ ಬಂದಿದ್ದನಂತೆ, ಇಂಜಿನಿಯರ್ ಎಂದೇ ತೆಗೆದುಕೊಳ್ಳುತ್ತಾರಂತೆ, ಫೋನ್ ಮಾಡುತ್ತಾರಂತೆ. "ನಾನು ವಾಪಸ್ ಹೋಗಲ್ಲಮ್ಮ" ಎಂದ.

ನನ್ನ ಕೈ ಅವನ ತಟ್ಟೆಯ ಮುಂದೆ ಚಾಚಿದೆ. ಇಪ್ಪತ್ತು ವರ್ಷ ಕುದಿನೀರಿನಲ್ಲಿ ಅದ್ದಿದ ಬೆರಳು. "ಇದಕ್ಕೆ ಯಾವೋನು ರಜಾ ಕೊಟ್ನಪ್ಪ?"

ಫ್ಯಾಕ್ಟರಿಯವರಿಗೆ ಎದುರಿನ ನೂಲಿನಂಗಡಿ ಸಾಹೇಬರ ನಂಬರ್ ಕೊಟ್ಟು ಬಂದಿದ್ದ. ವಾರದೊಳಗೆ ಫೋನ್ ಬಂತು. ಸಾಹೇಬರು ಬಾಗಿಲಿಗೆ ಬಂದು ಕೂಗಿದರು. "ಅಮ್ಮಾ, ಗೌರಿಬಿದನೂರಿಂದ ಫೋನು. ಮಗನ್ನ ಕಳ್ಸಿ."

ನಾನೇ ಹೋದೆ. ಸೋಮವಾರ ಬಂದು ಕೆಲಸಕ್ಕೆ ಸೇರಲು ಹೇಳಿ ಎಂದರು.

"ಅವನು ಮಸ್ಕತ್ತಿಗೆ ಹೊರಟೋದ" ಎಂದು ಇಟ್ಟುಬಿಟ್ಟೆ.

ಸಾಹೇಬರು ತಕ್ಕಡಿ ಹಿಡಿದು ಹಾಗೇ ನಿಂತರು. "ಈಗಿನ್ನೂ ಹಿತ್ತಲಲ್ಲಿ ಸ್ನಾನ ಮಾಡ್ತಿದ್ನಲ್ಲಮ್ಮಾ?"

"ನೀವು ನೂಲು ತೂಗಿ."

ದಿನಾ ಸಂಜೆ ಕೇಳುತ್ತಿದ್ದ, ಫೋನ್ ಬಂತಾ ಅಂತ. "ನಿನ್ನಂಥೋರು ನೂರು ಜನ ಸಾಲಲ್ಲಿ ನಿಂತಿರ್ತಾರೆ, ನಿನ್ನೇ ಕರೀಬೇಕಾ?" ಎಂದೆ. ಟಿಕೆಟ್ಟಿನ ದಿನ ಬಂತು. ಹೋದ. ಮಗಳ ಮದುವೆಯಾಯಿತು. ಗಂಡಿನವರಿಗೆ ಕೇಬಲ್ಲಿನ ಮಾತು ಇವತ್ತಿಗೂ ಗೊತ್ತಿಲ್ಲ.

ಮುಂದಿನ ರಜದಲ್ಲಿ ಸಾಹೇಬರು ಆ ಫೋನಿನ ವಿಷಯ ಅವನ ಮುಂದೆ ಬಾಯಿಬಿಟ್ಟರು. ಮಗ ಮನೆಗೆ ಬಂದು ಉಂಡ, ಪೆಟ್ಟಿಗೆ ಕಟ್ಟಿದ, ಇನ್ನೂ ಹದಿನೈದು ದಿನ ಇರುವಾಗಲೇ ಹೊರಟ. ಮತ್ತೆ ಬರಲಿಲ್ಲ. ತಿಂಗಳಿಗೊಮ್ಮೆ ಅಂಗಡಿಗೆ ಫೋನ್ ಮಾಡುತ್ತಿದ್ದ.

"ದುಡ್ಡು ಬಂತಾ?"

"ಬಂತು."

ಅಷ್ಟೇ. ಒಂದು ಸಲ ಅವನು ಇಡುವ ಮೊದಲೇ ಕೇಳಿದೆ. "ಕೈ ಹೆಂಗೈತಪ್ಪ?"

ಅವನದೇ ದನಿ ಹೇಳಿತು. "ಅವನು ಇಲ್ಲಮ್ಮ. ಹೊರಟೋದ."

ಫೋನನ್ನು ಸಾಹೇಬರ ಕೈಗೆ ಕೊಟ್ಟು ಶೆಡ್ಡಿಗೆ ಹೋದೆ. ನೀರು ಕುದಿಯುತ್ತಿತ್ತು.