ಕಿನ್ನರ ರಾಣಿ ಸತ್ತ ಮೇಲೆ ಬಂದ ಕಾರ್ಡುಗಳು

ನಮ್ಮ ಮನೆಗೆ ಬರುವ ಟಪಾಲನ್ನೆಲ್ಲ ಮೊದಲು ಓದುತ್ತಿದ್ದವಳು ನಾನು. ಯಾರೂ ಒಪ್ಪಿಸಿದ ಕೆಲಸವಲ್ಲ, ನಾನಾಗಿಯೇ ಹಿಡಿದುಕೊಂಡದ್ದು. ಮದುವೆಯಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರದ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಮುಂದಿನ ಎರಡು ಖೋಲಿಗಳಲ್ಲಿ ಮಾವನವರ ಪ್ರೆಸ್, ಹಿಂದೆ ನಮ್ಮ ಸಂಸಾರ. ಲಗ್ನಪತ್ರಿಕೆ, ಅಂಗಡಿಗಳ ಪಾವತಿ ಪುಸ್ತಕ, ತಪ್ಪಿದರೆ ಯಾವುದೋ ಮಠದ ಕರಪತ್ರ, ಇಷ್ಟೇ ಅಲ್ಲಿ ಅಚ್ಚಾಗುತ್ತಿದ್ದುದು. ಲಗ್ನಪತ್ರಿಕೆ ಮಡಿಚಿ ಮಡಿಚಿ ನನಗೆ ಲಗ್ನದ ಮೇಲೇ ಸಿಟ್ಟು ಬಂದಿತ್ತು. ಅಂಥ ಪ್ರೆಸ್ಸಿಗೆ ತೊಂಬತ್ತರ ದಶಕದ ನಡುವೆ ಒಂದು ದಿನ ಕಡಲು ಬಂತು.

ತಂದವರು ಉಣಕಲ್ಲಿನ ಅಕ್ಕೋರು. ಸಾಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ನಿವೃತ್ತಿಯಾದ ಮೇಲೆ ದಿನಾ ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಕೂತು ಅವರೊಂದು ಕಾದಂಬರಿ ಬರೆದಿದ್ದರು. ಕಡಲ ತಳದಲ್ಲಿ ಊರು ಕಟ್ಟಿಕೊಂಡ ಕಿನ್ನರರ ಕಥೆ. ಅವರಿಗೆ ಚೂಪು ಕಿವಿ, ಹವಳದ ಬೀದಿಗಳು, ಮೈಯೊಳಗೆ ಒಂದು ಬೆಳಕು. ಕಿನ್ನರ ಸತ್ತರೆ ಆ ಬೆಳಕು ಆರುತ್ತದೆ. ಅಕ್ಕೋರು ಮಾತ್ರ ಜೀವಮಾನದಲ್ಲಿ ಕಡಲನ್ನು ಕಂಡವರಲ್ಲ. ಮಾವನವರು ಮೆತ್ತಗೆ ಅದನ್ನೇ ಕೇಳಿದರು.

"ಕೆರಿ ನೋಡೇನಲ್ಲ? ಅದನ್ನ ಹಿಗ್ಗಿಸೇನಿ," ಅಂದರು ಅಕ್ಕೋರು. ಆಮೇಲೆ, ಚಹಾ ತಂದ ನನ್ನ ಕಡೆ ತಿರುಗಿ ಹೇಳಿದರು: "ಉಳದದ್ದೆಲ್ಲಾ ಕಟ್ಟಿದ ಕಥಿ ನೋಡವಾ. ರಾಣಿ ಮಾತ್ರ ನಮ್ಮ ಅಕ್ಕ. ನನಗ ಹನ್ನೊಂದು ವರ್ಷ ಇದ್ದಾಗ ಹೋದ್ಲು. ಆಕೀನ ನೋಡಿದವರು ಈಗ ನಾ ಒಬ್ಬಾಕಿನ ಉಳದೇನಿ. ಓದಿದ ಮಂದಿ ಆಕಿ ಬಗ್ಗೆ ಏನಂತಾರ, ಅದೊಂದು ನನಗ ಬೇಕು."

ಅದಕ್ಕೇ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಚೌಕಟ್ಟು ಹಾಕಿಸಿದರು. ಓದಿ ನಿಮಗೆ ಅನಿಸಿದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ ಅಂತ. ಕೆಳಗೆ ನಮ್ಮ ಪ್ರೆಸ್ಸಿನ ವಿಳಾಸ.

ಆಗಿನ್ನೂ ಕೈಯಿಂದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ನಮ್ಮಲ್ಲಿ ಸೀಸದ ಅಕ್ಷರಗಳೇ ಕಡಿಮೆ. ಒಂದು ಅಧ್ಯಾಯ ಜೋಡಿಸಿ, ಅಚ್ಚು ಮಾಡಿ, ಮೊಳೆ ಬಿಚ್ಚಿದರೇ ಮುಂದಿನ ಅಧ್ಯಾಯಕ್ಕೆ ಅಕ್ಷರ ಸಿಗುತ್ತಿದ್ದವು. ಹಾಗಾಗಿ ಒಂದೊಂದು ಅಧ್ಯಾಯ ಹದಿನಾರು ಪುಟದ ಒಂದೊಂದು ಫಾರ್ಮ್ ಆಯಿತು. ಜಾಗ ಉಳಿದಲ್ಲಿ ಮಾವನವರು ಹೂವಿನ ಚಿತ್ರ ಒತ್ತಿದರು. ಅಚ್ಚಾದ ಹಾಳೆಗಳನ್ನು ಮಡಿಚುವುದು, ಫಾರ್ಮ್‌ಗಳ ಗುಡ್ಡೆಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದರಿಂದ ಒಂದೊಂದು ಎತ್ತಿ ಪುಸ್ತಕ ಮಾಡುವುದು ಅತ್ತೆಯ ಮತ್ತು ನನ್ನ ಪಾಲು.

ನಾನು ಮಡಿಚುತ್ತಲೇ ಓದುತ್ತಿದ್ದೆ. ಅದೇನು ಕಥೆ ಅಂತೀರಿ! ಎಂಟನೆಯ ಫಾರ್ಮ್‌ನಲ್ಲಿ ದೀಪದ ಹಬ್ಬ. ರಾಣಿ ಹವಳದ ಬೀದಿಯಲ್ಲಿ ನಡೆದು ಮನೆಮನೆಯ ಬಾಗಿಲಿಗೆ ತನ್ನ ಬೆರಳಿನಿಂದ ಬೆಳಕು ಹಚ್ಚುತ್ತಾಳೆ. ಒಂಬತ್ತನೆಯದರಲ್ಲಿ ರಾಣಿ ಸಾಯುತ್ತಾಳೆ. ಹತ್ತನೆಯದರಲ್ಲಿ ಖಾಲಿ ಸಿಂಹಾಸನ, ಅದರ ಮುಂದೆ ನಿಂತ ಅವಳ ಪುಟ್ಟ ತಂಗಿ. ನಾನು ಮೇಜಿನ ಪಕ್ಕ ನಿಂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

"ಓದಾಕ ಬ್ಯಾರೆ ವ್ಯಾಳ್ಯಾ ಇಲ್ಲೇನವಾ? ಕಣ್ಣೀರು ಬಿದ್ದು ಹಾಳಿ ಹಸಿ ಆದ್ರ ಯಾರು ತಗೋತಾರ?" ಅಂತ ಅತ್ತೆ ರೇಗಿದರು. ನಾನೂ ಸುಮ್ಮನಿರುವವಳಲ್ಲ. ಎಂಟು, ಒಂಬತ್ತರ ಗುಡ್ಡೆಗಳನ್ನು ಸಿಟ್ಟಿನಿಂದ ಎತ್ತಿ ಕಿಟಕಿ ಕಟ್ಟೆಗೆ ಸರಿಸಿ, ಕಣ್ಣು ಒರೆಸಿ, ಮತ್ತೆ ತಂದು ಧಪ್ಪನೆ ಮೇಜಿಗಿಟ್ಟೆ. ಎರಡು ದಿನ ನಾನೊಬ್ಬಳೇ ಜಿದ್ದಿನಿಂದ ಪುಸ್ತಕ ಜೋಡಿಸಿದೆ. ಅರ್ಧ ಪ್ರತಿಗಳು ಹೊಲಿಗೆ ಮುಗಿಸಿ, ರಟ್ಟು ಹತ್ತಿ, ಅಂಗಡಿಗೂ ಗ್ರಂಥಾಲಯಗಳಿಗೂ ಹೋದವು. ಉಳಿದರ್ಧವನ್ನು ತಿಂಗಳೊಪ್ಪತ್ತಿನ ಮೇಲೆ ಅತ್ತೆ ಗುಡ್ಡೆಗಳನ್ನು ಹೊಸದಾಗಿ ಸಾಲಿಟ್ಟು ಜೋಡಿಸಿದರು.

ಮೊದಲ ಕಾರ್ಡು ಬಂದ ದಿನ ನಾನು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿದೆ. ರೊಟ್ಟಿ ಕರಕಾಯಿತು, ಬೈಗುಳವೂ ಬಿತ್ತು, ಒಂದೂ ಕಿವಿಗೆ ಹೋಗಲಿಲ್ಲ. ಆಮೇಲೆ ದಿನಾ ಎರಡು, ಮೂರು. ನೀರಿನ ಕೆಳಗೆ ಒಲೆ ಹೇಗೆ ಹೊತ್ತಿಸುತ್ತಾರೆ, ಕಿನ್ನರರು ಹಸಿ ಮೀನನ್ನೇ ತಿನ್ನುತ್ತಾರೆಯೇ ಅಂತ ಒಬ್ಬ ಗೃಹಿಣಿ ಕೇಳಿದ್ದರು. ಚೂಪು ಕಿವಿಗೆ ಬೆಂಡೋಲೆ ಹೇಗೆ ಕೂರುತ್ತದೆ ಅಂತ ಕಾಲೇಜು ಹುಡುಗಿಯೊಬ್ಬಳ ಚಿಂತೆ. ಬೈರಿದೇವರಕೊಪ್ಪದ ಸ್ಕೂಟರ್ ಮೆಕ್ಯಾನಿಕ್ ಒಬ್ಬರು ಕಿನ್ನರರ ತಿರುಗಣಿ ದೋಣಿಗೆ ಗೇರು ಎಲ್ಲಿ ಇರಬೇಕು ಅಂತ ಚಿತ್ರ ಬರೆದೇ ಕಳಿಸಿದ್ದರು. ಅಡಿಯಲ್ಲಿ ಇನ್ನೊಂದು ಸಾಲು: "ಪುಟದ ಅಂಕಿ ತಪ್ಪಿ ಅಚ್ಚಾಗಿವೆ, ತಿದ್ದಿಸಿರಿ. ಕಥೆ ಮಾತ್ರ ಸರಿಯಾಗಿದೆ."

ನಾನು ನಕ್ಕೆ. ಪುಟದ ಅಂಕಿ ತಪ್ಪುವುದೆಂದರೇನು?

ಮರುದಿನ ಇನ್ನೊಂದು ಕಾರ್ಡು: "ಸತ್ತ ರಾಣಿ ದೀಪದ ಹಬ್ಬಕ್ಕೆ ತಿರುಗಿ ಬಂದಳಲ್ಲ, ಆಗ ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡೆ. ಒಂದು ದಿನದ ಮಟ್ಟಿಗೆ ಬಂದು, ಎಲ್ಲರ ಮನೆ ಬೆಳಗಿ, ಹೇಳದೆ ಹೋದಳು."

ನಾನು ಜೋಡಿಸಿದವುಗಳಲ್ಲಿ ನಮಗೆಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದ ಒಂದು ಪ್ರತಿ ತೆಗೆದು ತಿರುವಿದೆ. ನೂರಾ ಹನ್ನೆರಡನೆಯ ಪುಟ ಆದ ಮೇಲೆ ನೂರಾ ಇಪ್ಪತ್ತೊಂಬತ್ತು. ಸಾವು ಮೊದಲು, ಹಬ್ಬ ಆಮೇಲೆ. ನಾನು ಸಿಟ್ಟಿನಲ್ಲಿ ಗುಡ್ಡೆಗಳನ್ನು ಅದಲುಬದಲು ಇಟ್ಟಿದ್ದೆ. ಅಧ್ಯಾಯಗಳಿಗೆ ಹೆಸರಿದ್ದವೇ ಹೊರತು ಸಂಖ್ಯೆ ಇರಲಿಲ್ಲ. ಜನ ಅಂಕಿಯನ್ನು ಬಿಟ್ಟು ಕಥೆಯನ್ನು ನಂಬಿದ್ದರು!

ಹೇಳಬೇಕಿತ್ತು. ಹೇಳಲಿಲ್ಲ. ಮಾವನವರ ಮುಖ ನೆನೆದು ಹೆದರಿಕೆಯಾಯಿತು, ಅತ್ತೆಯ ಬಾಯಿ ನೆನೆದು ಇನ್ನಷ್ಟು. ರಾಣಿ ತಿರುಗಿ ಬಂದಳು ಅಂತ ಬರೆದ ಕಾರ್ಡುಗಳನ್ನೆಲ್ಲ ನನ್ನ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಸೇರಿಸಿದೆ. ಆದರೆ ಬಚ್ಚಿಡುವ ಮೊದಲು ಒಂದೊಂದನ್ನೂ ನಾಲ್ಕು ಸಲ ಓದುತ್ತಿದ್ದೆ. ಒಳಗೊಳಗೇ ಎಂಥ ಸಂಭ್ರಮ ನನಗೆ! ಒಬ್ಬ ಮುದುಕರು ತಮ್ಮ ತೀರಿಹೋದ ಹೆಂಡತಿಯ ಫೋಟೋದ ಮುಂದೆ ಆ ಅಧ್ಯಾಯ ಗಟ್ಟಿಯಾಗಿ ಓದಿದ್ದರಂತೆ. ಒಬ್ಬಾಕೆ ಮಗಳಿಗೆ ರಾಣಿಯ ಹೆಸರೇ ಇಡುವುದಾಗಿ ಬರೆದಿದ್ದಳು.

ಅಕ್ಕೋರು ಶನಿವಾರ ಶನಿವಾರ ಉಣಕಲ್ಲಿನಿಂದ ಸಿಟಿ ಬಸ್ಸು ಹತ್ತಿ ಬರುತ್ತಿದ್ದರು. ಪ್ರೆಸ್ಸಿನ ಮರದ ಬಾಕಿನ ಮೇಲೆ ಕೂತು, ಮೂಗಿಗೆ ಚಾಳೀಸು ಏರಿಸಿ, ನಾನು ಆರಿಸಿ ಕೊಟ್ಟ ಕಾರ್ಡುಗಳನ್ನು ಓದುತ್ತಿದ್ದರು. ಒಲೆ, ಬೆಂಡೋಲೆ, ಗೇರು. ಗೇರಿನ ಚಿತ್ರ ಬಂದ ಕಾರ್ಡಿನ ಕೊನೆಯ ಸಾಲಿನ ಮೇಲೆ ನಾನು ಮೈದಾ ಅಂಟು ಚೆಲ್ಲಿದ್ದೆ. ಅವರು ನಗುತ್ತಿದ್ದರು, ಆಮೇಲೆ ಕಾರ್ಡುಗಳನ್ನು ಹಿಂದುಮುಂದು ನೋಡಿ ಕೇಳುತ್ತಿದ್ದರು, "ರಾಣಿ ಬಗ್ಗೆ ಯಾರೂ ಏನೂ ಬರದಿಲ್ಲೇನವಾ?"

"ಬರೀತಾರ ಬಿಡ್ರಿ ಅಕ್ಕೋರ. ಇನ್ನೂ ಓದಾಕತ್ತಾರ," ಅನ್ನುತ್ತಿದ್ದೆ. ಆರು ಶನಿವಾರ ಹೀಗೇ ಹೇಳಿದೆ. ಆರನೆಯ ಸಲ ಅವರು ಚಹಾ ಕುಡಿಯದೇ ಎದ್ದು ಹೋದರು.

ಏಳನೆಯ ಶನಿವಾರ ಅಕ್ಕೋರು ಬಂದು ಕೂತಿದ್ದಾಗ ಬಾಗಿಲಲ್ಲಿ ಒಂದು ಸ್ಕೂಟರ್ ನಿಂತಿತು. ಇಳಿದವರು ಇಬ್ಬರು. ಒಬ್ಬರು ಇಸ್ತ್ರಿ ಅಂಗಿಯ ಬ್ಯಾಂಕಿನ ಗುಮಾಸ್ತರು. ಇನ್ನೊಬ್ಬರು ಕೈಗೆ ಗ್ರೀಸ್ ಹತ್ತಿದ, ಗಡ್ಡದ, ಬೈರಿದೇವರಕೊಪ್ಪದ ಅದೇ ಮೆಕ್ಯಾನಿಕ್. ಇಬ್ಬರ ಕೈಯಲ್ಲೂ ನಮ್ಮ ಪುಸ್ತಕ. ಗುಮಾಸ್ತರು ಸ್ಕೂಟರ್ ರಿಪೇರಿಗೆ ಹೋಗಿ, ಪಾನಾ, ಸ್ಕ್ರೂಡ್ರೈವರುಗಳ ಪೆಟ್ಟಿಗೆಯ ಮೇಲೆ ಈ ಪುಸ್ತಕ ನೋಡಿ ಮಾತಿಗೆ ತೊಡಗಿದ್ದರಂತೆ. ಜಗಳ ಹತ್ತಿ, ರಿಪೇರಿ ಅರ್ಧಕ್ಕೇ ಬಿಟ್ಟು ಕೊನೆಯ ಪುಟದ ವಿಳಾಸ ಹಿಡಿದು ಬಂದಿದ್ದರು.

"ನೀವ ಹೇಳ್ರಿ," ಅಂದರು ಗುಮಾಸ್ತರು. "ರಾಣಿ ಸತ್ತಮ್ಯಾಲೆ ಆಕಿ ಕಥಿ ಮುಗೀತದ. ಸತ್ತವರು ಹಬ್ಬ ಮಾಡ್ತಾರೇನ್ರಿ?"

"ಮಾಡ್ಯಾಳಲ್ರಿ!" ಅಂದರು ಮೆಕ್ಯಾನಿಕ್. "ಪುಸ್ತಕದಾಗ ಐತಿ. ಸತ್ತು, ತಿರುಗಿ ಬಂದು, ಮನಿಮನಿಗೆ ದೀಪಾ ಹಚ್ಚಿ ಹೋಗ್ಯಾಳ. ಇವರು ಅವಸರದಾಗ ಓದ್ಯಾರ."

ಗುಮಾಸ್ತರ ಕೈಯಲ್ಲಿದ್ದುದು ಅತ್ತೆ ಜೋಡಿಸಿದ ಪ್ರತಿ ಅಂತ ನನಗೆ ಆಗಲೇ ಹೊಳೆಯಿತು. ಅಕ್ಕೋರು ಎದ್ದರು. "ನಿಮ್ಮ ಪುಸ್ತಕ ಕೊಡ್ರಿ ಇಲ್ಲೆ," ಅಂದು ಮೆಕ್ಯಾನಿಕ್ಕರ ಪ್ರತಿ ತೆಗೆದುಕೊಂಡು ಪುಟ ತಿರುವಿದರು. ತಿರುವುತ್ತ ತಿರುವುತ್ತ ಅವರ ಬೆರಳು ನಿಂತಿತು. "ಇದು ಹಿಂಗ ಬರದಿದ್ದಲ್ಲ."

"ಅದನ್ನ ಹೇಳಾಕ ನೀವ್ಯಾರ್ರಿ?"

"ಇದನ್ನ ಬರದಾಕಿ."

ಮೆಕ್ಯಾನಿಕ್ ಗ್ರೀಸ್ ಕೈಯಲ್ಲೇ ನಮಸ್ಕಾರ ಮಾಡಿದರು. ಮಾವನವರು ಒಳಗಿನಿಂದ ಬಂದು ಪುಸ್ತಕ ನೋಡಿ ಬಿಳಿಚಿಕೊಂಡರು. ಅತ್ತೆಯನ್ನು ನೋಡಿದರು. ಅತ್ತೆ ತಪ್ಪು ತಮ್ಮದೇ ಇರಬೇಕೆಂದು ಸೆರಗು ಬಾಯಿಗೆ ಒತ್ತಿ ನಿಂತುಬಿಟ್ಟರು. ಅದನ್ನು ನೋಡಿ ತಡೆಯಲಾಗಲಿಲ್ಲ ನನಗೆ.

"ನಾನ್ರಿ ಅಕ್ಕೋರ. ನಾನ ಅಳಕೋತ ಅದಲುಬದಲು ಇಟ್ಟೆ. ಅತ್ತೀದು ಏನೂ ತಪ್ಪಿಲ್ಲ." ಒಳಗೆ ಓಡಿ ಟ್ರಂಕು ತೆಗೆದು, ಸೀರೆಯ ಕೆಳಗಿನ ಇಪ್ಪತ್ತಾರು ಕಾರ್ಡುಗಳನ್ನು ತಂದು ಅವರ ಮಡಿಲಿಗೆ ಹಾಕಿದೆ.

ಅಕ್ಕೋರು ಒಂದೊಂದಾಗಿ ಓದಿದರು. ಎಲ್ಲ ಓದಿ ಚಾಳೀಸು ತೆಗೆದರು.

"ಹಾಳಿ ತಪ್ಪಿಟ್ಟಿದ್ದಕ್ಕ ನಿನ್ನ ಏನೂ ಅನ್ನಂಗಿಲ್ಲ. ಇವನ್ನ ಬಚ್ಚಿಟ್ಟಿಯಲ್ಲ, ಅದಕ್ಕ ಸಿಟ್ಟು ಬಂದೈತಿ. ಆರು ವಾರ, ನಮ್ಮ ಅಕ್ಕನ ಬಗ್ಗೆ ಯಾರೂ ಒಂದು ಮಾತೂ ಬರೀಲಿಲ್ಲ ಅಂತ ತಿಳಕೊಂಡು ಮನಿಗೆ ಹೋಗೇನಿ."

ಅಷ್ಟು ನಾಚಿಕೆ ನನಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಅಕ್ಕೋರು ಮೆಕ್ಯಾನಿಕ್ಕರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡರು. "ಒಂದು ವಾರ ನನಗ ಕೊಡ್ರಿ. ಓದಬೇಕು."

"ತಗೋರಿ. ಆದ್ರ ತಿರುಗಿ ಕೊಡಬೇಕ್ರಿ," ಅಂದರು ಮೆಕ್ಯಾನಿಕ್. "ನಮ್ಮ ಮನಿಯಾಕಿ ಇನ್ನೂ ಓದಿಲ್ಲ."

ಆ ವಾರ ಹೇಗೆ ಕಳೆಯಿತೋ. ಮಾವನವರು ನನ್ನನ್ನು ಬೈಯಲೂ ಇಲ್ಲ, ಅದೇ ಹೆಚ್ಚು ಕಷ್ಟವಾಯಿತು. ತಪ್ಪು ಪ್ರತಿಗಳು ಯಾವ ಅಂಗಡಿ, ಯಾವ ಗ್ರಂಥಾಲಯಕ್ಕೆ ಹೋಗಿವೆ ಅಂತ ಕೂತು ಪಟ್ಟಿ ಮಾಡಿದರು. ಕಾರ್ಡುಗಳು ಬರುತ್ತಲೇ ಇದ್ದವು. ನಾನು ಓದದೆ ಹಾಗೇ ಮಾವನವರ ಮೇಜಿನ ಮೇಲೆ ಇಟ್ಟೆ. ಓದದೆ ಇಡುವುದು ನನಗೆ ಎಂಥ ಶಿಕ್ಷೆ ಅಂತ ನನ್ನ ಗಂಡನಿಗೆ ಗೊತ್ತಿತ್ತು, ಆತ ಮೀಸೆಯಲ್ಲೇ ನಗುತ್ತಿದ್ದ.

ಶನಿವಾರ ಅಕ್ಕೋರು ಬಂದರು. ಕಣ್ಣು ಊದಿದ್ದವು, ಆದರೆ ನಡಿಗೆ ಚುರುಕಾಗಿತ್ತು. ಅವರು ಕೂಡುವ ಮೊದಲೇ ಮಾವನವರು ಪಟ್ಟಿ ಹಿಡಿದು ಶುರು ಮಾಡಿದರು. "ನಮ್ಮಿಂದ ದೊಡ್ಡ ತಪ್ಪಾತ್ರಿ. ಎಲ್ಲಾ ವಾಪಸ್ ತರಸ್ತೇನಿ. ಹೊಲಿಗಿ ಬಿಚ್ಚಿ ಸರಿ ಮಾಡಿ ಕೊಡ್ತೇನಿ."

"ಬ್ಯಾಡ್ರಿ," ಅಂದರು ಅಕ್ಕೋರು. "ನಾ ಅದನ್ನ ಮೂರು ಸಲ ಓದಿದೆ. ಸಾಯೂದು ಬರದಾಕಿ ನಾನ, ಹಬ್ಬಾ ಬರದಾಕೀನೂ ನಾನ. ಆದ್ರ ಸತ್ತಮ್ಯಾಲೆ ಆಕಿ ಆ ಬೀದಿಯೊಳಗ ನಡಕೋತ ಬರೂದನ್ನ ನಾ ಕಂಡಿದ್ದು ಈಗ. ಅಷ್ಟು ಮಂದಿ ಮನಿಗೆ ಹಬ್ಬಕ್ಕ ಬಂದಾಳ. ಆಕೀನ ಹೊರಗ ಹಾಕಬ್ಯಾಡ್ರಿ."

ಮಾವನವರು ಪಟ್ಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ನನಗೆ ಕುಣಿಯಬೇಕು ಅನಿಸುತ್ತಿತ್ತು. ಅಕ್ಕೋರು ಬಾಕಿನ ಮೇಲೆ ಕೂತು, ಚಾಳೀಸು ಏರಿಸಿ, ನನ್ನ ಕಡೆ ಕೈ ಚಾಚಿದರು.

"ಈ ವಾರದ ಕಾರ್ಡ್ ಕೊಡವಾ. ಎಲ್ಲಾ ಕೊಡು."

ಎಲ್ಲಾ ಕೊಟ್ಟೆ. ಮೇಲಿನದರಲ್ಲೇ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಈ ಪುಸ್ತಕ ಜೋಡಿಸಿದವರಿಗೆ ಕಣ್ಣಿರಲಿಲ್ಲವೇ?" ಅಕ್ಕೋರು ಅದನ್ನು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, "ಇತ್ತು, ಆದ್ರ ಅಳಾಕತ್ತಿತ್ತು," ಅಂದು ಮುಂದಿನ ಕಾರ್ಡು ತೆಗೆದರು.