ಎರಡನೆಯ ಟಿಕ್

ನಮ್ಮ ಕೇರಿಯಲ್ಲಿ ಬೇಡವಾದ ನಾಯಿಯನ್ನು ಯಾರೂ ಕೊಲ್ಲುವುದಿಲ್ಲ. ಹೊಳೆ ದಾಟಿಸುತ್ತಾರೆ. ದೋಣಿಯಲ್ಲಿ ಹಾಕಿಕೊಂಡು ಹೋಗಿ ಶರಾವತಿಯ ಆಚೆ ದಡದಲ್ಲಿ ಬಿಟ್ಟರೆ, ವಾಸನೆ ಹಿಡಿದು ತಿರುಗಿ ಬರಲಾರದು ಎಂಬ ನಂಬಿಕೆ. ಕೊಂದ ಪಾಪವೂ ಇಲ್ಲ, ಸಾಕುವ ಕಷ್ಟವೂ ಇಲ್ಲ. ಇಂಥ ಪುಣ್ಯವಂತರ ನಡುವೆಯೇ ನಾನೂ ಹುಟ್ಟಿದ್ದು.

ಹೊನ್ನಾವರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ. ಮದುವೆಯಾಗಿಲ್ಲ, ಅಣ್ಣ ಅತ್ತಿಗೆಯ ಜೊತೆಗಿದ್ದೇನೆ. ಅಣ್ಣ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ, ಅತ್ತಿಗೆ ಮೀನು ಒಣಗಿಸಿ ಮಾರುತ್ತಾಳೆ. ಎರಡು ವರ್ಷದ ಹಿಂದೆ ಕೆಂಚು ಬಣ್ಣದ ಮರಿಯೊಂದು ಅಂಗಡಿಯಿಂದ ನನ್ನ ಹಿಂದೆಯೇ ಬಂದು ಅಂಗಳದಲ್ಲಿ ಉಳಿಯಿತು. ಸ್ವಲ್ಪ ದೊಡ್ಡದಾದದ್ದೇ ತಡ, ಒಣಗಲು ಹರಡಿದ್ದ ಬಂಗಡೆಗೆ ಬಾಯಿ ಹಾಕಿತು.

"ಇನ್ನೊಂದ್ಸಲ ಮೀನು ಮುಟ್ಟಿದ್ರೆ ಹೊಳೆ ದಾಟ್ಸೂದೇ" ಎಂದ ಅಣ್ಣ. ನಾನು ಅದಕ್ಕೆ ಬುದ್ಧಿ ಕಲಿಸುತ್ತೇನೆ ಎಂದೆ. "ನಾಯಿ ಬಾಲ ಡೊಂಕೇ, ತಂಗಿ" ಎಂದು ನಕ್ಕ.

ಹಟ ಬಂತು. ಮೊಬೈಲಿನಲ್ಲಿ ನೋಡಿ ಕಲಿತೆ. ಹೊಡೆಯಬಾರದು, ಬೈಯಬಾರದು. ಸರಿಯಾಗಿ ಮಾಡಿದ ಕ್ಷಣಕ್ಕೇ ಒಂದು ಸಣ್ಣ ಸದ್ದು, ಸದ್ದಿನ ಹಿಂದೆಯೇ ತಿನ್ನಲು ಏನಾದರೊಂದು. ಸದ್ದಿಗೆ ಅಂಗಡಿಯ ಒತ್ತುವ ಪೆನ್ನು ಸಾಕಾಯಿತು. ಅದಕ್ಕೆ ನನ್ನದೇ ಒಂದು ನಿಯಮ ಸೇರಿಸಿದೆ: ಮೊದಲ ಟಿಕ್ ಎಂದರೆ ಕೂರಬೇಕು. ಎರಡನೆಯ ಟಿಕ್ ಕೇಳುವವರೆಗೆ ಏಳಬಾರದು, ಮೀನು ಮೂಗಿನ ಮುಂದಿದ್ದರೂ ಮುಟ್ಟಬಾರದು. ಕೇಳಿದ ಮೇಲೆ ನನ್ನ ಕೈಯಿಂದ ಬೇಯಿಸಿದ ತುಂಡು, ಬೆನ್ನು ಸವರಿ ಎರಡು ಒಳ್ಳೆಯ ಮಾತು.

ಮೂರು ತಿಂಗಳಾಯಿತು. ಕೊನೆಗೆ ಅದನ್ನು ಒಣಮೀನಿನ ಮುಂದೆ ಕೂರಿಸಿ ನಾನು ಬಾವಿಗೆ ಹೋಗಿ ಎರಡು ಕೊಡ ನೀರು ತಂದರೂ ಏಳುತ್ತಿರಲಿಲ್ಲ. ಜೊಲ್ಲು ಸುರಿಯುತ್ತಿತ್ತು, ಕಣ್ಣು ಮಾತ್ರ ನನ್ನ ಕೈಯ ಮೇಲೆ. ಸರಿಯಾಗಿ ಮಾಡಿದವರನ್ನು ಹೊಗಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ನಾಯಿಗಾದರೂ ಅದು ಸಿಗಲಿ ಎಂದು ಪೆನ್ನನ್ನು ಬಾಗಿಲ ಬಳಿ ಮೊಳೆಗೆ ನೇತುಹಾಕಿ ಅಣ್ಣ ಅತ್ತಿಗೆಗೂ ಹೇಳಿಕೊಟ್ಟೆ. ನನ್ನ ದಡ್ಡತನ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಒಣಗಲು ಹಾಕಿದ್ದ ಸಿಗಡಿ ಅರ್ಧಕ್ಕರ್ಧ ಕಾಣೆಯಾಯಿತು. ಬೆಕ್ಕೋ ಕಾಗೆಯೋ, ಕಂಡವರಿಲ್ಲ. ಕಂಡದ್ದು ಪಕ್ಕದಲ್ಲಿ ಕೂತಿದ್ದ ನಾಯಿ. ಸಂಜೆ ನಾನು ಅಂಗಡಿಯಿಂದ ಬಂದಾಗ ಅಂಗಳ ಖಾಲಿ, ಮೊಳೆಯೂ ಖಾಲಿ.

"ನಾಯಿ ಎಲ್ಲಿ?" ಎಂದೆ.

ಅಣ್ಣ ಕಾಲು ತೊಳೆಯುತ್ತಿದ್ದ. "ದಾಟ್ಸಿ ಆತು. ಬೇರೆ ನಾಯಿ ಆದ್ರೆ ನೀರಿಗೆ ಹಾರಿ ದೋಣಿ ಹಿಂದೇ ಈಜ್ತಿತ್ತು. ಇದಕ್ಕೆ ಒಂದೇ ಟಿಕ್ ಮಾಡ್ದೆ, ಕೂತ್ಕಂತು. ನಾ ಅರ್ಧ ಹೊಳೆ ಬಂದ್ರೂ ಕೂತೇ ಇತ್ತು. ಎಷ್ಟು ಚಂದ ಕಲ್ಸಿದ್ಯೆ ಮಾರಾಯ್ತಿ!"

ಜೇಬಿನಿಂದ ಪೆನ್ನು ತೆಗೆದು ಕೊಟ್ಟ. ಹುಟ್ಟಿದಂದಿನಿಂದ ಅಣ್ಣನ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು. ಅತ್ತಿಗೆ ಒಳಗಿನಿಂದ, ಚಾ ಆರಿಹೋಗುತ್ತದೆ ಎಂದಳು. ಇಬ್ಬರ ಮುಖವನ್ನೂ ನೋಡಲು ಹೇಸಿಗೆಯಾಯಿತು. ಆದರೂ ಚಾ ಕುಡಿದೆ. ಈ ಮನೆ ಬಿಟ್ಟರೆ ಕೂರಲು ನನಗೂ ಬೇರೆ ಅಂಗಳವಿಲ್ಲ.

ಮರುದಿನ ಮೊದಲ ಬಸ್ಸಿಗೆ ಸೇತುವೆ ದಾಟಿ ಆಚೆ ದಡಕ್ಕೆ ಹೋದೆ. ಮೀನು ಹೆಚ್ಚುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ.

"ಕೆಂಚ್ ನಾಯಿಯಾ? ನಿನ್ನೆ ಕತ್ತಲಾಗೂವರೆಗೂ ನೀರಿನ ಬದಿಗೇ ಕೂತಿತ್ತು. ಪಾಪ ಅಂತ ಮೀನು ಒಗದ್ರೂ ಮುಟ್ಟಲಿಲ್ಲ. ಬೆಳಿಗ್ಗೆ ಬಂದಾಗ ಇರ್ಲಿಲ್ಲ" ಎಂದಳು.

ದಡದುದ್ದಕ್ಕೂ ಪೆನ್ನು ಒತ್ತುತ್ತಾ ನಡೆದೆ. ಎಲ್ಲೆಲ್ಲಿಂದಲೋ ನಾಯಿಗಳು ತಲೆಯೆತ್ತಿ ನೋಡಿದವು. ನನ್ನದು ಬರಲಿಲ್ಲ. ಬಾಲವನ್ನು ಡೊಂಕಾಗಿಯೇ ಬಿಟ್ಟಿದ್ದರೆ ಅಂದೇ ಈಜಿಕೊಂಡು ಮನೆಗೆ ಬರುತ್ತಿತ್ತು.