ಬಿಳಿ ಹುಬ್ಬು ಬರುವ ಮೊದಲು

ಹೋದ ವಾರ ಕೋಲಾರದ ಒಂದು ಪುಸ್ತಕದಂಗಡಿಯಲ್ಲಿ ನಿಂತಿದ್ದೆ. ಇಂಡಿಯನ್ ಇಂಕಿನ ಸೀಸೆಯೊಂದು ಬಿದ್ದು ಒಡೆದು, ಅಂಗಡಿಯಾಕೆ ನೆಲ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಾಯಿಂಗ್ ಮೇಷ್ಟ್ರು ಎದುರಿಗೆ ಬಂದು ನಿಂತಂತಾಯಿತು. ಅವರ ಬೆರಳುಗಳಿಗೆ ಸದಾ ಅದೇ ವಾಸನೆ…

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ಬಿ.ಎಡ್. ಮುಗಿಸಿದ ಹೊಸತು, ನನಗೆ ಗೊತ್ತಿಲ್ಲದ್ದೂ ಏನಾದರೂ ಇದ್ದೀತು ಅನ್ನಿಸದ ವಯಸ್ಸು. ಮೇಷ್ಟ್ರಿಗೆ ಆಗಲೇ ಐವತ್ತು ದಾಟಿತ್ತು. ದೇವರಾಯಸಮುದ್ರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಚಳಿಗಾಲದಲ್ಲಿ ಕೆರೆ ಏರಿಯ ಮೇಲೆ ಇಳಿದು, ದೂರದೇಶದಿಂದ ಬಂದ ಕಾಡುಬಾತುಗಳನ್ನು ನೋಡುತ್ತಾ ನಿಂತುಬಿಡುವುದು, ಪ್ರಾರ್ಥನೆಗೆ ತಡವಾಗಿ ಹೆಡ್‌ಮಾಸ್ಟರರಿಂದ ಬೈಸಿಕೊಳ್ಳುವುದು, ಎರಡೂ ಅವರಿಗೆ ಮಾಮೂಲು.

ಆ ವರ್ಷ ಕೋಲಾರದ ವಸ್ತುಪ್ರದರ್ಶನಕ್ಕೆ ಶಾಲೆಗೊಂದು ಚಾರ್ಟು ಕಳಿಸಬೇಕಿತ್ತು. ಮೇಷ್ಟ್ರು ಹದಿನೈದು ದಿನ ಕೂತು ಎರಡು ಜಾತಿಯ ಬಾತುಗಳನ್ನು ಬರೆದರು. ಎರಡೂ ಪಾರಿವಾಳಕ್ಕಿಂತ ತುಸು ದೊಡ್ಡವು, ತಲೆ ನೀರಿಗೆ ಹಾಕಿ ಬಾಲ ಮೇಲೆತ್ತಿ ಮೇಯುವಂಥವು. ಒಂದರ ತಲೆ ಕೆಂಗಂದು, ಕಣ್ಣಿನಿಂದ ಕತ್ತಿನವರೆಗೆ ಹಸಿರು ಪಟ್ಟೆ. ಇನ್ನೊಂದು ಬರೀ ಮಣ್ಣಿನ ಬಣ್ಣ. ಬಿಚ್ಚಿದ ರೆಕ್ಕೆಯಲ್ಲಿ ಮಾತ್ರ ಒಂದಿಷ್ಟು ಬೂದುನೀಲಿ. ಎರಡರ ಕೆಳಗೂ ‘ಗಂಡು’ ಎಂದು ಬರೆದಿದ್ದರು.

“ಸೈನ್ಸ್ ಓದಿರೋರು ನೀವು, ಒಂದ್ಸಲ ನೋಡಿಬಿಡಿ” ಎಂದರು ಹೆಡ್‌ಮಾಸ್ಟರು. ನನ್ನ ಪುಸ್ತಕದಲ್ಲಿ ಆ ಎರಡನೆಯ ಜಾತಿಯ ಗಂಡಿಗೆ ದಪ್ಪನೆಯ ಬಿಳಿ ಹುಬ್ಬಿತ್ತು. “ಇದು ತಪ್ಪು ಸಾರ್, ಇದು ಹೆಣ್ಣು” ಎಂದೆ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು.

ಮೇಷ್ಟ್ರು ಮೆಲ್ಲಗೆ ಹೇಳಿದರು: “ಈಗ ಅದಕ್ಕೆ ಹುಬ್ಬಿರಲ್ಲ ಮೇಡಮ್ಮ. ಬಂದಾಗ ಗಂಡೂ ಹೆಣ್ಣಿನ ಥರಾನೇ ಇರ್ತದೆ. ಹಸಿರು ಪಟ್ಟೇದು ಬೇಗ ಬಣ್ಣ ತಿರುಗ್ತದೆ, ಇದಕ್ಕೆ ಶಿವರಾತ್ರಿ ಆಗ್ಬೇಕು. ಅಲ್ಲಿಗಂಟ ರೆಕ್ಕೇಲಿರೋ ನೀಲಿ ನೋಡೇ ಗಂಡು ಅನ್ಬೇಕು. ನಾಳೆ ಏರಿ ಮೇಲಕ್ಕೆ ಬನ್ನಿ, ತೋರಿಸ್ತೀನಿ.”

“ಪುಸ್ತಕದಲ್ಲಿ ಹಾಗಿಲ್ಲ ಮೇಷ್ಟ್ರೇ” ಎಂದು ನಕ್ಕೆ. ಉಳಿದವರೂ ನಕ್ಕರು. ಕೆಂಪು ಇಂಕಿನಲ್ಲಿ ‘ಗಂಡು’ ಎಂಬುದನ್ನು ಹೊಡೆದುಹಾಕಿ ‘ಹೆಣ್ಣು’ ಎಂದು ಬರೆದವಳು ನಾನೇ. ಯಾರೂ ಬರೆಯಲು ಹೇಳಿರಲಿಲ್ಲ…

ಗೀಚಿದ ಚಾರ್ಟನ್ನು ಕಳಿಸುವ ಹಾಗಿರಲಿಲ್ಲ. ಪುಸ್ತಕದ ಚಿತ್ರವನ್ನೇ ನೋಡಿ ನಾನೊಂದು ಬರೆದೆ. ನನ್ನ ಅಕ್ಷರ ಚೆನ್ನಾಗಿಲ್ಲವೆಂದು ಶೀರ್ಷಿಕೆಯನ್ನು ಮೇಷ್ಟ್ರೇ ದುಂಡಗೆ ಬರೆದುಕೊಟ್ಟರು. ಅದಕ್ಕೆ ಬಹುಮಾನ ಬಂತು.

ಶಿವರಾತ್ರಿ ಕಳೆದು ಎರಡು ವಾರಕ್ಕೆ ಸಂಬಂಧಿಕರ ಮದುವೆಗೆಂದು ದೇವರಾಯಸಮುದ್ರಕ್ಕೆ ಹೋದವಳು ಏರಿಯ ಮೇಲೆ ನಡೆದು ಬರುತ್ತಿದ್ದೆ. ದಡದ ಹತ್ತಿರವೇ ನಾಲ್ಕೈದು ಬಾತು ಮೇಯುತ್ತಿದ್ದವು. ಒಂದು ತಲೆಯೆತ್ತಿತು: ಅಚ್ಚ ಬಿಳಿ ಹುಬ್ಬು. ಪಕ್ಕದ್ದೂ ಎತ್ತಿತು. ಅದರ ಮಣ್ಣುಬಣ್ಣದ ಮುಖದ ಮೇಲೆ ಹುಬ್ಬು ಇನ್ನೂ ಅರ್ಧವಷ್ಟೇ ಮೂಡಿತ್ತು. ರೇಷ್ಮೆ ಸೀರೆಯುಟ್ಟುಕೊಂಡು ಬಿಸಿಲಲ್ಲಿ ಎಷ್ಟು ಹೊತ್ತು ನಿಂತೆನೋ.

ನಾಳೆಯೇ ಹೇಳಿಬಿಡಬೇಕು ಅಂದುಕೊಂಡೆ. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಅವರೊಬ್ಬರೇ ಇದ್ದ ದಿನ ನನಗೆ ಬಾಯಿ ಬರಲಿಲ್ಲ. ಆಮೇಲೆ ಪರೀಕ್ಷೆ, ರಜೆ… ಮುಂದಿನ ವರ್ಷ ಅವರಿಗೆ ಗೌನಿಪಲ್ಲಿ ಕಡೆಗೆ ವರ್ಗವಾಯಿತು.

ಎಷ್ಟೋ ವರ್ಷದ ಮೇಲೆ, ಮಾವಿನ ಕಾಲದಲ್ಲಿ, ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಬೆಳೆದ ಮಗ ಜೊತೆಗಿದ್ದ. ಅವನಿಗೆ ತೆಲುಗಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿದರು. “ನನ್ನ ತಪ್ಪು ತಿದ್ದಿದ ಮೇಡಮ್ಮ ಇವ್ರೇ ಕಣೋ ಅಂತ ಹೇಳ್ದೆ.” ದನಿಯಲ್ಲಿ ಕೊಂಕಿರಲಿಲ್ಲ.

“ಈಗಲೂ ಹಕ್ಕಿ ಬರೀತೀರಾ ಮೇಷ್ಟ್ರೇ?” ಎಂದೆ.

“ಇಲ್ಲಮ್ಮ, ಆವತ್ತೇ ಬಿಟ್ಟೆ. ಅಷ್ಟು ವರ್ಷ ನೋಡಿದ್ರೂ ಗಂಡು ಯಾವ್ದು ಹೆಣ್ಣು ಯಾವ್ದು ಗೊತ್ತಾಗ್ಲಿಲ್ಲವಲ್ಲ ನಂಗೆ. ಹೂವು ಬಳ್ಳಿ ಬರೀತೀನಿ, ಅಷ್ಟೇ.”

ನನ್ನ ಬಸ್ಸು ಬಂತು. ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದಿತ್ತು. ಹತ್ತಿಬಿಟ್ಟೆ. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ನಿವೃತ್ತಿಯಾಗುವವರೆಗೂ ಆ ಎರಡು ಬಾತುಗಳ ವ್ಯತ್ಯಾಸವನ್ನು ಮಕ್ಕಳಿಗೆ ಹೇಳುತ್ತಲೇ ಇದ್ದೆ: ಯಾವುದು ಬೇಗ ಬಣ್ಣ ತಿರುಗುತ್ತದೆ, ಯಾವುದು ತಡ ಮಾಡುತ್ತದೆ ಎಂದು. ಒಂದು ಸಲ ಒಬ್ಬ ಹುಡುಗಿ, “ಇದು ಪುಸ್ತಕದಲ್ಲಿ ಇಲ್ವಲ್ಲ ಮಿಸ್, ಯಾರು ಹೇಳಿದ್ದು ನಿಮಗೆ?” ಎಂದು ಕೇಳಿದಳು.

“ನಾನೇ ನೋಡಿ ತಿಳ್ಕೊಂಡಿದ್ದು” ಎಂದೆ.

ಮೇಷ್ಟ್ರು ಈಗಿಲ್ಲ. ಆ ಹುಡುಗಿ ಎಲ್ಲಿದ್ದಾಳೋ, ಅದೂ ಗೊತ್ತಿಲ್ಲ.